ಸೂಜಿಗೆ ರಾಗವೂ ಒಂದೇ, ರೈಲೂ ಒಂದೇ

ಭಾನುವಾರ ಬೆಳಿಗ್ಗೆ ಏಳೂವರೆ. ಕೋಲ್ಕತ್ತಾದ ಲೇಕ್ ಗಾರ್ಡನ್ಸ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಮೊದಲ ಮಹಡಿ. ಅಪ್ಪ ಎಲ್‌ಪಿ ರೆಕಾರ್ಡಿನ ಮೇಲೆ ಸೂಜಿ ಇಳಿಸಿದ್ದಾರೆ. ತಂಬೂರಿ ಶುರುವಾಗಿ, ಭೀಮಸೇನ ಜೋಶಿಯವರು ಷಡ್ಜದಲ್ಲಿ ನಿಲ್ಲುವ ಹೊತ್ತಿಗೆ ಸರಿಯಾಗಿ ಬಜ್‌ಬಜ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿರದ ಹಳಿಯ ಮೇಲೆ ಹಾಯುತ್ತದೆ. ಕಿಟಕಿಯ ಗಾಜು ಅಲುಗುವುದಿಲ್ಲ, ಚಹಾದ ಕಪ್ಪೂ ಅಲುಗುವುದಿಲ್ಲ. ಆದರೆ ಸ್ಪೀಕರಿನ ದೊಡ್ಡ ಕೋನ್ ಮಾತ್ರ ಏದುಸಿರು ಬಿಡುವವರ ಎದೆಯಂತೆ ಒಳಗೂ ಹೊರಗೂ ಆಡತೊಡಗುತ್ತದೆ. ಅಷ್ಟರಲ್ಲಿ ನನ್ನ ಏಳು ವರ್ಷದ ಮಗ ಒಳಕೋಣೆಯಿಂದ ಓಡಿ ಬರುತ್ತಾನೆ. ಟಪ್ ಎಂದು ಸೂಜಿ ಹಾರಿ ಮುಂದಿನ ಸಾಲಿಗೆ ಬೀಳುತ್ತದೆ.

"ಮುಳ್ಳು ಜಿಗೀತು ನೋಡೋ ತಮ್ಮಾ" ಅನ್ನುತ್ತಾರೆ ಅಪ್ಪ. ಅವರ ದನಿಯಲ್ಲಿ ಸಿಟ್ಟಿಲ್ಲ. ಆದರೂ ಮಗ ಬಾಗಿಲಲ್ಲೇ ಕಲ್ಲಾಗಿ ನಿಲ್ಲುತ್ತಾನೆ.

ಇದು ನಮ್ಮ ಮನೆಯಲ್ಲಿ ಕೆಲವು ತಿಂಗಳ ಹಿಂದೆ ದಿನವೂ ನಡೆಯುತ್ತಿದ್ದ ದೃಶ್ಯ. ನಾನು ವಿದ್ಯುತ್ ಸ್ಥಾವರಗಳಲ್ಲಿ ತಿರುಗುವ ಯಂತ್ರಗಳ ಕಂಪನ ಅಳೆಯುವ ಎಂಜಿನಿಯರ್. ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನಿನ ಬೇರಿಂಗು ಎಷ್ಟು ಮೈಕ್ರಾನ್ ಅಲುಗುತ್ತಿದೆ, ಯಾಕೆ ಅಲುಗುತ್ತಿದೆ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಅಂಥವನ ಮನೆಯಲ್ಲಿ ನಿಮಿಷಕ್ಕೆ ಬರೀ 33⅓ ಸುತ್ತು ತಿರುಗುವ ಒಂದು ತಟ್ಟೆ ಹತೋಟಿಗೆ ಸಿಗುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಧಾರವಾಡದಿಂದ ಇಲ್ಲಿಗೆ ಕರೆತಂದೆವು. ಎಪ್ಪತ್ತೆಂಟು ವರ್ಷದ ಅವರು ತಮ್ಮ ಜೊತೆ ತಂದದ್ದು ಎರಡು ಪೆಟ್ಟಿಗೆ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಅರವತ್ತು ಚಿಲ್ಲರೆ ಎಲ್‌ಪಿಗಳು. ಜೊತೆಗೆ, ನಾನೇ ಜೋಪಾನವಾಗಿ ಕಟ್ಟಿ ತಂದ ಅವರ ಹಳೆಯ ಪ್ಲೇಯರ್. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಧಾರವಾಡದ ಮಾಸ್ತರರ ಸಂಬಳದಲ್ಲಿ ತಿಂಗಳಿಗೊಂದರಂತೆ ಕೂಡಿಸಿದವು. ಕೆಲವದರ ಹೊದಿಕೆಯ ಮೂಲೆಯಲ್ಲಿ ಅಮ್ಮನ ಅಕ್ಷರದಲ್ಲಿ ಕೊಂಡ ದಿನಾಂಕವಿದೆ. ಊರು ಬಿಟ್ಟು ಬಂದ ಮೇಲೆ ಅಪ್ಪ ಬೇರೆ ಏನನ್ನೂ ಕೇಳಿದವರಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಫಿಲ್ಟರ್ ಕಾಫಿ ಪುಡಿ ಸಿಗುತ್ತದೆ, ಬಾಳೆಎಲೆ ಸಿಗುತ್ತದೆ, ಸರೋವರದ ದಂಡೆಗೆ ಬೆಳಗಿನ ವಾಕಿಂಗ್ ಹೋಗಬಹುದು ಎಂದು ನಾವು ಹೇಳುತ್ತಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ದಿನಕ್ಕೆ ಒಂದು ರೆಕಾರ್ಡು, ಎರಡೂ ಬದಿ. ಅವರ ದಿನ ಅದರ ಮೇಲೆ ನಿಂತಿತ್ತು.

ಒಂದು ರೆಕಾರ್ಡಿನ ನಡುವಿನ ಲೇಬಲ್ ಓದಿ ನಾನು ನಕ್ಕಿದ್ದೆ. ತಯಾರಾದದ್ದು ಡಮ್‌ಡಮ್‌ನಲ್ಲಿ! ಗ್ರಾಮೋಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು, 1920ರ ದಶಕದ ಕೊನೆಗೆ ಅದನ್ನು ಡಮ್‌ಡಮ್‌ಗೆ ಒಯ್ದಿತು. ದೇಶದ ಮನೆಮನೆಗೆ ಹೋದ ಎಚ್‌ಎಂವಿ ತಟ್ಟೆಗಳು ಒತ್ತಿಸಿಕೊಂಡದ್ದು ಅಲ್ಲಿ. ಅಂದರೆ ಈ ರೆಕಾರ್ಡುಗಳು ಇಲ್ಲಿಂದ ಧಾರವಾಡಕ್ಕೆ ಹೋಗಿ, ನಾಲ್ಕು ದಶಕ ಅಲ್ಲಿದ್ದು, ಈಗ ಅಪ್ಪನ ಜೊತೆ ಹುಟ್ಟೂರಿಗೆ ಮರಳಿದ್ದವು.

ಆದರೆ ಹುಟ್ಟೂರಿನ ನೆಲ ಅವಕ್ಕೆ ಒಗ್ಗಲಿಲ್ಲ. ಕಲ್ಕತ್ತೆ ನಿಂತಿರುವುದು ನದಿ ತಂದು ಸುರಿದ ಮೆತ್ತನೆಯ ಜೇಡಿಮಣ್ಣಿನ ಮೇಲೆ. ಧಾರವಾಡದಲ್ಲಿ ನಮ್ಮ ಮನೆ ನೆಲದ ಮೇಲೇ ಇತ್ತು, ಕಾಲಡಿ ಕಲ್ಲುಹಾಸು. ಇಲ್ಲಿ ಕಾಲಡಿ ಮಹಡಿಯ ಚಪ್ಪಡಿ. ಅದರ ನಡುವೆ ಒಂದು ಷೋಕೇಸು, ಷೋಕೇಸಿನ ಮೇಲೆ ಪ್ಲೇಯರು, ಅದರ ಅಕ್ಕಪಕ್ಕದಲ್ಲೇ ಎರಡು ಸ್ಪೀಕರು. ನೋಡಲು ಚೆಂದ. ಕಂಪನದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು.

ಕ್ರಮೇಣ ಮನೆಯಲ್ಲಿ ಒಂದು ಶಿಸ್ತು ಬಂತು. ಅಪ್ಪ ರೆಕಾರ್ಡು ಹಾಕಿದ ಕೂಡಲೇ ಹೆಂಡತಿ ಅಡುಗೆಮನೆಯಲ್ಲಿ ನಿಂತಲ್ಲೇ ನಿಲ್ಲುವಳು. ಮಗ ಬೆಕ್ಕಿನ ಹೆಜ್ಜೆ ಇಡುವನು. ಕೆಲಸದ ಮಾಶಿ ಪೊರಕೆ ಕೆಳಗಿಟ್ಟು ಜಗಲಿಯಲ್ಲಿ ಕೂರುವಳು. ಒಂದು ದಿನ ಮಗ ಊಟದ ಹೊತ್ತಿಗೆ ಕೇಳಿದ: "ಅಜ್ಜ ಹಾಡು ಕೇಳುವಾಗ ನಾನು ಆಟ ಆಡಬಾರದಾ?" ನಾವು ಏನೂ ಹೇಳಲಿಲ್ಲ. ಮರುದಿನದಿಂದ ಅಪ್ಪ ರೆಕಾರ್ಡು ಹಾಕುವುದನ್ನೇ ನಿಲ್ಲಿಸಿದರು. ಕೇಳಿದರೆ, "ಬ್ಯಾಡ ಬಿಡೋ. ಹುಡುಗ ಓಡ್ಯಾಡ್ಲಿ. ಹಾಡು ನನಗ ಬಾಯಿಪಾಠ ಅದ" ಅಂದರು. ಆಮೇಲೆ ಎರಡು ವಾರ ಮನೆ ಸದ್ದಾಗಿಯೇ ಇತ್ತು. ಆದರೆ ಅಪ್ಪ ದಿನವಿಡೀ ಕಿಟಕಿಯ ಬಳಿ ಸುಮ್ಮನೆ ಕೂರತೊಡಗಿದರು. ಆಗ ನಾನು ನಿಜವಾಗಿ ಎಚ್ಚೆತ್ತೆ.

ಮೊದಲು ರೋಗದ ಮೂಲ ಹೇಳುತ್ತೇನೆ. ರೆಕಾರ್ಡು ಎಂಬುದು ಸ್ವತಃ ಹಿಡಿದಿಟ್ಟ ಕಂಪನ. ತಟ್ಟೆಯ ಮೇಲಿನ ಸುರುಳಿ ಜಾಡಿನ ಅಗಲ ಹೆಚ್ಚುಕಡಿಮೆ ನಮ್ಮ ತಲೆಗೂದಲಿನಷ್ಟು. ಅದರ ಗೋಡೆಗಳ ಏರಿಳಿತವನ್ನು ಸೂಜಿ ಅನುಸರಿಸುತ್ತದೆ. ಸೂಜಿ ಎಷ್ಟು ಅಲುಗಿತೋ ಅಷ್ಟು ವಿದ್ಯುತ್ತು ಹುಟ್ಟುತ್ತದೆ, ಅದನ್ನು ಆ್ಯಂಪ್ಲಿಫೈಯರ್ ಹಿಗ್ಗಿಸುತ್ತದೆ. ಸೆಕೆಂಡಿಗೆ 1000 ಬಾರಿ ಕಂಪಿಸುವ ಒಂದು ಸಾಮಾನ್ಯ ಗಟ್ಟಿತನದ ಸ್ವರಕ್ಕೆ ಸೂಜಿ ಆಚೀಚೆ ಸರಿಯುವುದು ಸುಮಾರು 8 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಎಂಟು ಭಾಗ. ಅದರ ನೂರರಲ್ಲೊಂದು ಪಾಲಿನ ಮೆಲುದನಿ ಬಂದರೆ ಸೂಜಿಯ ಚಲನೆ ಮೈಕ್ರಾನಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಚಹಾದ ಕಪ್ಪು ಅಲುಗದ ರೈಲಿಗೆ ಸೂಜಿ ಯಾಕೆ ಅಲುಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಸೂಜಿ ಮತ್ತು ತಟ್ಟೆಯ ನಡುವಿನ ಯಾವ ಅಲುಗಾಟವೂ ಅದಕ್ಕೆ ಸಂಗೀತವೇ. ರಾಗ ಯಾವುದು, ರೈಲು ಯಾವುದು ಎಂಬ ಭೇದ ಅದಕ್ಕಿಲ್ಲ.

ಇದರ ಮೇಲೆ ಇನ್ನೊಂದು ಏಟು. ತಗ್ಗು ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಜಾಡು ತೀರಾ ಅಗಲವಾಗುತ್ತದೆಂದು ರೆಕಾರ್ಡು ಮಾಡುವಾಗ ಅವನ್ನು ಕುಗ್ಗಿಸಿ ಕೊರೆಯುತ್ತಾರೆ. ನುಡಿಸುವಾಗ ಆ್ಯಂಪ್ಲಿಫೈಯರ್ ಅವನ್ನು ಮತ್ತೆ ಹಿಗ್ಗಿಸಬೇಕು. ಸೆಕೆಂಡಿಗೆ 20 ಕಂಪನದ ಸದ್ದಿಗೆ, 1000 ಕಂಪನದ ಸದ್ದಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ಒತ್ತು ಸಿಗುತ್ತದೆ. ಹೆಜ್ಜೆ, ರೈಲು, ಬಾಗಿಲ ಬಡಿತಗಳೆಲ್ಲ ಇರುವುದು ಈ ತಗ್ಗಿನಲ್ಲೇ. ಹೀಗೆ ಸಂಗೀತಕ್ಕೆಂದು ಕೊಟ್ಟ ಒತ್ತು ರೈಲಿಗೂ ಸಿಕ್ಕಿತು. ಹಿಂದೂಸ್ತಾನಿ ಆಲಾಪದಲ್ಲಿ ಇದು ಎದ್ದು ಕಾಣುತ್ತದೆ. ಡ್ರಮ್ಮು, ಗಿಟಾರಿನ ಗದ್ದಲದಲ್ಲಾದರೆ ರೈಲು ಮುಚ್ಚಿಹೋದೀತು. ಬರೀ ತಂಬೂರಿ ಮತ್ತು ಒಂದು ಕಂಠ ಇರುವ ಕಡೆ ಅಡಗಲು ಜಾಗವೇ ಇಲ್ಲ.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲ. 1902ರ ನವೆಂಬರಿನಲ್ಲಿ ಇದೇ ಊರಿನ ಹೋಟೆಲ್ ಕೋಣೆಯೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮೋಫೋನ್ ಕಂಪನಿಯ ತಜ್ಞ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಪ್ರಸಿದ್ಧ. ಕಹಳೆಯ ಮುಂದೆ ಹಾಡಿದರೆ ಆ ಗಾಳಿಯ ಬಲವೇ ಸೂಜಿಯನ್ನು ಅಲುಗಿಸಿ ಜಾಡು ಕೊರೆಯಬೇಕಿತ್ತು, ನುಡಿಸುವಾಗಲೂ ಜಾಡಿನ ಬಲವೇ ಕಹಳೆಯನ್ನು ಮೊಳಗಿಸಬೇಕಿತ್ತು. ನಡುವೆ ವಿದ್ಯುತ್ತಿಲ್ಲ, ಹಿಗ್ಗಿಸುವ ಉಪಕರಣವಿಲ್ಲ. ಭಾರದ ತಲೆ, ಉಕ್ಕಿನ ಮುಳ್ಳು, ಅರಗಿನ ತಟ್ಟೆ. ಪಕ್ಕದಲ್ಲಿ ಮಕ್ಕಳು ಕುಣಿದರೂ ಅದಕ್ಕೆ ಲೆಕ್ಕವಿಲ್ಲ. ಅದೇ ಗೌಹರ್ ಜಾನ್ ಬದುಕಿನ ಕೊನೆಯಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಕಲ್ಕತ್ತೆಗೂ ನಮಗೂ ಇರುವ ನಂಟು ಡಮ್‌ಡಮ್ ಲೇಬಲ್ಲಿಗಿಂತ ಹಳೆಯದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಜಾಡು ಸಣ್ಣದಾಯಿತು, ಸೂಜಿ ಹಗುರವಾಯಿತು, ಒಂದು ಬದಿಯಲ್ಲಿ ಮೂರು ನಿಮಿಷದ ಬದಲು ಇಪ್ಪತ್ತು ನಿಮಿಷ ಹಾಡು ಹಿಡಿಯಿತು. ಆ ಸೂಕ್ಷ್ಮತೆಯ ಜೊತೆಗೆ ಈ ತೊಂದರೆಯೂ ಬಂತು.

ಇನ್ನು ಪತ್ತೆದಾರಿ ಕೆಲಸ. ಬೇಡದ ಕಂಪನ ಸೂಜಿಗೆ ತಲುಪುವ ದಾರಿ ಮೂರು: ನೆಲದಿಂದ ಕಾಲುಗಳ ಮೂಲಕ, ಸ್ಪೀಕರಿನಿಂದ ಗಾಳಿಯ ಅಥವಾ ಮರದ ಮೂಲಕ, ಪ್ಲೇಯರಿನದೇ ಮೋಟಾರು ಮತ್ತು ಬೇರಿಂಗಿನಿಂದ. ಯಾವ ದಾರಿ ಎಂದು ತಿಳಿಯದೆ ಮದ್ದು ಹಾಕಬಾರದು. ಇದಕ್ಕೆ ಒಂದು ಸುಲಭ ಪರೀಕ್ಷೆಯಿದೆ, ನೀವೂ ಮಾಡಬಹುದು. ಮೋಟಾರು ನಿಲ್ಲಿಸಿ, ನಿಂತ ತಟ್ಟೆಯ ಮೇಲೆ ಸೂಜಿ ಇಳಿಸಿ. ದನಿಯನ್ನು ಸೊನ್ನೆಯಿಂದ ನಿಧಾನಕ್ಕೆ ನೀವು ಎಂದೂ ಕೇಳುವ ಮಟ್ಟಕ್ಕೆ ಏರಿಸಿ. ಈಗ ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಕ್ ಎಂದು ಸ್ಪೀಕರಿನಲ್ಲಿ ಕೇಳಿದರೆ ಮೇಜಿನಿಂದ ಸೂಜಿಗೆ ದಾರಿ ತೆರೆದಿದೆ ಎಂದರ್ಥ. ಯಾರಾದರೂ ಓಡಾಡಲಿ, ಬಾಗಿಲು ಹಾಕಲಿ. ನಮ್ಮಂತೆ ಹಳಿಯ ಪಕ್ಕ ಇದ್ದರೆ ರೈಲು ಬರುವವರೆಗೆ ಕಾಯಿರಿ. ದನಿ ಏರಿಸುತ್ತಾ ಹೋದಂತೆ ಯಾರೂ ಮುಟ್ಟದೆಯೂ ಗೂಂ ಎಂಬ ಸದ್ದು ತಾನಾಗಿ ಬೆಳೆದರೆ, ಸ್ಪೀಕರು ಸೂಜಿಯನ್ನು ಅಲುಗಿಸುತ್ತಿದೆ, ಸೂಜಿ ಮತ್ತೆ ಸ್ಪೀಕರನ್ನು ಮೊಳಗಿಸುತ್ತಿದೆ. ಕೂಡಲೇ ದನಿ ಇಳಿಸಿ. ಇನ್ನೊಂದು ಮಾತು: ಸೂಜಿ ಎತ್ತಿದ ಮೇಲೂ ಉಳಿಯುವ ಗುಂಯ್‌ಗುಡುವಿಕೆ ಕಂಪನದ್ದಲ್ಲ, ಅದು ಅರ್ಥಿಂಗ್ ಅಥವಾ ವೈರಿನ ತಕರಾರು. ಅದಕ್ಕೆ ಮೇಜು ಬದಲಿಸಿ ಪ್ರಯೋಜನವಿಲ್ಲ.

ನಮ್ಮಲ್ಲಿ ಎಲ್ಲ ದಾರಿಗಳೂ ತೆರೆದಿದ್ದವು. ಷೋಕೇಸು ತಟ್ಟಿದರೆ ತಬಲಾ ಕೇಳಿಸಿತು.

ನಾನು ಮಾಡಿದ ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ, ನಿಮ್ಮ ಸಮಯ ಉಳಿಯಲಿ. ಅಪ್ಪನ ಹಳೆಯ ಮದ್ದು ನಾಲ್ಕಾಣೆ. ಸೂಜಿಯ ತಲೆಯ ಮೇಲೆ ಒಂದು ನಾಲ್ಕಾಣೆ ನಾಣ್ಯ ಇಟ್ಟರೆ ಸೂಜಿ ಜಿಗಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ನಡೆದಿದೆ. ನಿಕ್ಕಲಿನ ಆ ನಾಣ್ಯ ಎರಡೂವರೆ ಗ್ರಾಂ ತೂಗುತ್ತದೆ. ಇಂದಿನ ಬಹಳಷ್ಟು ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳು ಕೇಳುವ ಒಟ್ಟು ಭಾರವೇ ಒಂದೂವರೆ, ಎರಡು ಗ್ರಾಂ. ನಾಣ್ಯ ಇಟ್ಟರೆ ಭಾರ ಎರಡು ಪಟ್ಟು ದಾಟಿ ಜಾಡು ಸವೆಯುತ್ತದೆ, ಸೂಜಿಯೂ ಬೇಗ ಹಾಳಾಗುತ್ತದೆ. ಅಮ್ಮನ ಅಕ್ಷರವಿರುವ ರೆಕಾರ್ಡುಗಳ ಮೇಲೆ ಅದನ್ನು ಮಾಡಲು ನನಗೆ ಧೈರ್ಯ ಬರಲಿಲ್ಲ. ಭಾರ ತೀರಾ ಕಡಿಮೆ ಇಡುವುದೂ ತಪ್ಪು, ಆಗ ಸೂಜಿ ಜಾಡಿನಲ್ಲಿ ಎಗರಾಡುತ್ತದೆ. ತಯಾರಕರು ಹೇಳಿದಷ್ಟು ಇಡುವುದೇ ಸರಿ.

ಎರಡನೆಯದು, ಪ್ಲೇಯರಿನ ಕೆಳಗೆ ಸ್ಪಾಂಜು. ಮೆತ್ತಗಿದ್ದರೆ ಸಾಕು, ಕಂಪನ ಹೀರಿಕೊಳ್ಳುತ್ತದೆ ಎಂಬುದು ಜನಪ್ರಿಯ ನಂಬಿಕೆ. ಸ್ಪಾಂಜು ಹಾಕಿದ ಮೇಲೆ ಹೆಜ್ಜೆಗೆ ಸೂಜಿ ಇನ್ನೂ ಹೆಚ್ಚು ಜಿಗಿಯಿತು! ಇಲ್ಲಿ ನನ್ನ ಕಸುಬು ನೆರವಿಗೆ ಬರಬೇಕಿತ್ತು, ತಡವಾಗಿ ಬಂತು. ಮೆತ್ತನೆಯ ವಸ್ತುವಿನ ಮೇಲೆ ಕೂತ ಭಾರಕ್ಕೆ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ಭಾರ ಇಟ್ಟಾಗ ಅದು ಎಷ್ಟು ಕುಸಿಯಿತು ಎಂಬುದರಿಂದ ಆ ಲಯವನ್ನು ಅಂದಾಜು ಮಾಡಬಹುದು. 1 ಮಿಲಿಮೀಟರ್ ಕುಸಿದರೆ ಸೆಕೆಂಡಿಗೆ ಸುಮಾರು 16 ತೂಗಾಟ. 4 ಮಿಲಿಮೀಟರಿಗೆ 8. 10 ಮಿಲಿಮೀಟರಿಗೆ 5. 25 ಮಿಲಿಮೀಟರಿಗೆ 3. ಈ ಲಯದ ಸುಮಾರು ಒಂದೂವರೆ ಪಟ್ಟಿಗಿಂತ ವೇಗದ ಕಂಪನವನ್ನು ಮಾತ್ರ ಅದು ತಡೆಯುತ್ತದೆ. ಅದಕ್ಕಿಂತ ನಿಧಾನವಾದದ್ದನ್ನು ಹಾಗೇ ಬಿಡುತ್ತದೆ. ತನ್ನ ಲಯಕ್ಕೇ ಸರಿಹೊಂದುವ ಕಂಪನ ಬಂದರೆ ತಡೆಯುವುದಿರಲಿ, ಅದನ್ನು ಹೆಚ್ಚಿಸುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ದೂಡಿದರೆ ಏರುತ್ತದಲ್ಲ, ಹಾಗೆ.

ಸೂಜಿ ಹಿಡಿದ ತೋಳಿಗೂ ಇಂಥದ್ದೇ ಸ್ವಂತ ಲಯವಿದೆ. ಸೆಕೆಂಡಿಗೆ 8ರಿಂದ 12ರೊಳಗೆ ಅದು ಇರಲಿ ಎಂದು ತೋಳು, ಕಾರ್ಟ್ರಿಜ್ ಹೊಂದಿಸುತ್ತಾರೆ. ಸೊಟ್ಟಗಾದ ತಟ್ಟೆಯ ಏರಿಳಿತಕ್ಕಿಂತ ಮೇಲೆ, ಸಂಗೀತದ ಅತಿ ತಗ್ಗು ಸ್ವರಕ್ಕಿಂತ ಕೆಳಗೆ. ನಾಲ್ಕು ಮಿಲಿಮೀಟರ್ ಕುಸಿದ ನನ್ನ ಸ್ಪಾಂಜು ಸೀದಾ ಆ ತೋಳಿನ ಲಯದ ಪಕ್ಕಕ್ಕೇ ಬಂದು ಕೂತಿತ್ತು.

ಮೂರನೆಯದನ್ನು ಹೇಳಲು ನಾಚಿಕೆ. ಹಳೆಯ ಹಲವು ಪ್ಲೇಯರುಗಳಲ್ಲಿ ಯಂತ್ರಭಾಗ ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳ ಮೇಲೆ ತೇಲುತ್ತಿರುತ್ತದೆ. ಸಾಗಿಸುವಾಗ ಅಲುಗದಿರಲೆಂದು ಮೇಲಿನಿಂದ ಸ್ಕ್ರೂ ಬಿಗಿದು ಅದನ್ನು ಕಟ್ಟಿಹಾಕುತ್ತಾರೆ. ಜಾಗಕ್ಕೆ ತಲುಪಿದ ಮೇಲೆ ಸಡಿಲಿಸಬೇಕು. ಧಾರವಾಡದಲ್ಲಿ ಅವನ್ನು ಬಿಗಿದವನು ನಾನೇ. ಕೋಲ್ಕತ್ತಾದಲ್ಲಿ ಸಡಿಲಿಸಲು ಮರೆತವನೂ ನಾನೇ. ಐದು ತಿಂಗಳು ಅಪ್ಪನ ಪ್ಲೇಯರು ಕೈಕಾಲು ಕಟ್ಟಿಸಿಕೊಂಡೇ ಹಾಡಿತ್ತು. ಸ್ಕ್ರೂ ಸಡಿಲಿಸುತ್ತಾ ಇದ್ದಾಗ ಅಪ್ಪ ಕನ್ನಡಕದ ಮೇಲಿಂದ ನೋಡಿ, "ಇಷ್ಟು ದೊಡ್ಡ ಇಂಜಿನಿಯರ್ ಇದ್ದು ಈ ಸ್ಕ್ರೂ ಕಾಣಲಿಲ್ಲೇನೋ?" ಅಂದರು. ಎರಡು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಸ್ಪ್ರಿಂಗು ಬಿಟ್ಟ ಮೇಲೆ ಷೋಕೇಸು ತಟ್ಟಿದರೆ ಕೇಳುತ್ತಿದ್ದ ತಬಲಾ ನಿಂತಿತು. ಸ್ಪ್ರಿಂಗಿನ ಮೇಲೆ ತೇಲಿಸುವ ಈ ಉಪಾಯದ ಬಲ ದೊಡ್ಡದು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ತಂದ ಟರ್ನ್‌ಟೇಬಲ್ ಇದೇ ತತ್ವದ್ದು. ತಟ್ಟೆಯನ್ನೂ ತೋಳನ್ನೂ ಒಂದೇ ಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟನ್ನು ಮೆತ್ತನೆಯ ಸ್ಪ್ರಿಂಗುಗಳ ಮೇಲೆ ತೇಲಿಸಿದರು. ಹಾಡು ನಡೆಯುತ್ತಿರುವಾಗ ಸುತ್ತಿಗೆಯಿಂದ ಬಡಿದರೂ ಸೂಜಿ ಜಿಗಿಯದೆಂದು ತೋರಿಸುತ್ತಿದ್ದರು. ಗಮನಿಸಿ, ತಟ್ಟೆ ಮತ್ತು ತೋಳು ಎರಡೂ ಒಟ್ಟಿಗೆ ತೇಲಬೇಕು. ಎರಡೂ ಒಂದೇ ಬಗೆಯಲ್ಲಿ ಅಲುಗಿದರೆ ಸೂಜಿಗೆ ಅದು ತಿಳಿಯುವುದೇ ಇಲ್ಲ. ಒಂದು ಅಲುಗಿ ಇನ್ನೊಂದು ಅಲುಗದಿದ್ದರೆ ಮಾತ್ರ ಸದ್ದು.

ಆದರೂ ನಮ್ಮ ತೊಂದರೆ ಮುಗಿಯಲಿಲ್ಲ. ಬೆರಳ ತಟ್ಟು ನಿಂತಿತು, ಹೆಜ್ಜೆಯ ಜಿಗಿತ ನಿಲ್ಲಲಿಲ್ಲ. ಮನುಷ್ಯ ನಡೆಯುವುದು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. ಪ್ರತಿ ಹೆಜ್ಜೆಗೂ ಚಪ್ಪಡಿಯ ನಡುಭಾಗ ಬಗ್ಗಿ ಏಳುತ್ತದೆ, ಷೋಕೇಸು ಅದರ ಜೊತೆ ತಲೆದೂಗುತ್ತದೆ. ಅಷ್ಟು ನಿಧಾನದ ಅಲುಗಾಟವನ್ನು ಮನೆಯಲ್ಲಿ ಮಾಡಬಹುದಾದ ಯಾವ ಸ್ಪ್ರಿಂಗೂ ತಡೆಯಲಾರದು. ಅದಕ್ಕೆ ಹತ್ತಾರು ಸೆಂಟಿಮೀಟರ್ ಕುಸಿಯುವ ಸ್ಪ್ರಿಂಗು ಬೇಕಾದೀತು. ಮಗ ತನ್ನ ಟೆನಿಸ್ ಚೆಂಡುಗಳನ್ನು ದಾನ ಮಾಡಿದ. ಪೈಪಿನ ಬಳೆಗಳಲ್ಲಿ ಚೆಂಡು ಕೂರಿಸಿ ಹಲಗೆ ಇಟ್ಟು ನೋಡಿದೆವು. ರೈಲಿನ ಗುಡುಗು ತುಸು ತಗ್ಗಿತು. ಆದರೆ ಅಪ್ಪನ ನಡುಗುವ ಕೈ ತಾಕಿದ ಕೂಡಲೇ ಇಡೀ ಹಲಗೆ ತೊಟ್ಟಿಲಾಯಿತು. ಅವರು ಸೂಜಿ ಇಳಿಸಲಾರದ ಪ್ಲೇಯರು ಯಾವ ಪುರುಷಾರ್ಥಕ್ಕೆ?

ಉತ್ತರ ಕಣ್ಣೆದುರೇ ಇತ್ತು. ನೆಲ ಬಗ್ಗುತ್ತದೆಯಾದರೆ ನೆಲವನ್ನೇ ಬಿಡಬೇಕು. ನಮ್ಮ ಮನೆ ಹಳೆಯ ಕಾಲದ ಕಟ್ಟಡ, ಹತ್ತಿಂಚಿನ ಇಟ್ಟಿಗೆ ಗೋಡೆಗಳೇ ಭಾರ ಹೊರುವಂಥದ್ದು. ಹೆಜ್ಜೆಗೆ ಚಪ್ಪಡಿ ಬಗ್ಗೀತು, ಅಂಥ ಗೋಡೆ ಬಗ್ಗದು. ಗೋಡೆಗೆ ತೂತು ಕೊರೆಯಲು ಕೆಳಗಿರುವ ಮನೆ ಮಾಲೀಕರ ಅಪ್ಪಣೆ ಬೇಕು. "ಮೇಶೋಮೊಶಾಯ್, ಒಂದು ಕಪಾಟು ಹಾಕಿಸಬೇಕು" ಎಂದೆ. ಏನಿಡಲು ಎಂದು ಕೇಳಿದರು. ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಮೇಲಿನಿಂದ ಹಾಡು ಬರುವುದು ನಿಂತಿತಲ್ಲ, ಯಾಕೆ ಎಂದು ನಾನೇ ಕೇಳಬೇಕೆಂದಿದ್ದೆ" ಅಂದರು.

ಹಳಿಯ ಕಡೆಯದ್ದಲ್ಲದ, ಒಳಗಿನ ಗೋಡೆ ಆರಿಸಿದೆವು. ಎರಡು ದಪ್ಪ ಉಕ್ಕಿನ ಬ್ರಾಕೆಟ್, ಇಟ್ಟಿಗೆಗೆ ಆಳವಾಗಿ ಇಳಿದ ಬೋಲ್ಟುಗಳು. ಬ್ರಾಕೆಟ್ಟಿನ ಮೇಲೆ ಕಲ್ಲು. ಪ್ರಿನ್ಸ್ ಅನ್ವರ್ ಶಾ ರಸ್ತೆಯ ಕಡೆಯ ಒಂದು ಕಲ್ಲಿನ ಅಂಗಡಿಯಲ್ಲಿ ಅಡುಗೆಕಟ್ಟೆ ಕತ್ತರಿಸಿ ಉಳಿದ ಕಪ್ಪು ಗ್ರಾನೈಟ್ ತುಂಡು ಸಿಕ್ಕಿತು. 45 ಸೆಂಟಿಮೀಟರ್ ಉದ್ದ, 35 ಅಗಲ, 2 ದಪ್ಪ. ತೂಕ ಎಂಟೂವರೆ ಕಿಲೋ. ಚಾಮರಾಜನಗರದ ಕಪ್ಪು ಕಲ್ಲು ಹೆಸರುವಾಸಿಯಾದದ್ದು, ಇದೂ ಅಲ್ಲಿಯದೇ ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬರೀ ಕಲ್ಲು ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ, ಆದ್ದರಿಂದ ಕಲ್ಲಿಗೂ ಬ್ರಾಕೆಟ್ಟಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳು. ಮೇಸ್ತ್ರಿಯ ರಸಮಟ್ಟ ಇಟ್ಟು ನೇರ ಮಾಡಿ, ಅದರ ಮೇಲೆ ಸ್ಕ್ರೂ ಸಡಿಲಿಸಿದ ಪ್ಲೇಯರು. ಸ್ಪೀಕರುಗಳನ್ನು ಷೋಕೇಸಿನಿಂದ ಇಳಿಸಿ, ಕೋಣೆಯ ಎದುರು ಬದಿಯಲ್ಲಿ ಬೇರೆ ಸ್ಟೂಲುಗಳ ಮೇಲಿಟ್ಟೆ. ಆ್ಯಂಪ್ಲಿಫೈಯರಿನಲ್ಲಿ ಅತಿ ತಗ್ಗು ಸದ್ದು ಕತ್ತರಿಸುವ ಒಂದು ಗುಂಡಿ ಇತ್ತು, ಅದನ್ನು ಒತ್ತಿದೆ. ಅದು ಸುಮಾರು 20 ಕಂಪನದ ಕೆಳಗಿನದನ್ನು ಸೋಸುತ್ತದೆ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿಯೂ 65-70ರ ಆಸುಪಾಸಿನಲ್ಲಿ ಇರುವುದರಿಂದ ಸಂಗೀತಕ್ಕೆ ನಷ್ಟವಿಲ್ಲ. ಎಲ್ಲ ಸೇರಿ ಖರ್ಚು ಎರಡೂವರೆ ಸಾವಿರ ರೂಪಾಯಿ ದಾಟಲಿಲ್ಲ.

ನಿಮ್ಮ ಮನೆಯಲ್ಲೂ ಅಟ್ಟದಿಂದ ಇಳಿಸಿದ ಪ್ಲೇಯರು ಇದ್ದರೆ ನನ್ನ ಅನುಭವದ ಸಾರ ಇಷ್ಟು. ಕಾಸು ಬೇಡದ ಕೆಲಸ ಮೊದಲು: ಸಾಗಾಣಿಕೆಯ ಸ್ಕ್ರೂ ನೋಡಿ, ಪ್ಲೇಯರು ಮಟ್ಟವಾಗಿದೆಯೇ ನೋಡಿ, ಸೂಜಿಯ ಭಾರ ಸರಿಯಿದೆಯೇ ನೋಡಿ, ಸ್ಪೀಕರನ್ನು ಪ್ಲೇಯರಿನ ಮೇಜಿನಿಂದ ಇಳಿಸಿ. ಮೇಲಿನ ಮುಚ್ಚಳ ಹಾಯಿಯಂತೆ ಗಾಳಿಯ ಸದ್ದು ಹಿಡಿಯಬಲ್ಲದು, ತೆಗೆದೂ ಹಾಕಿಯೂ ಕೇಳಿ ನೋಡಿ. ನೆಲ ಗಟ್ಟಿಯಿದ್ದರೆ, ಅಂದರೆ ಊರಿನ ನೆಲಮನೆಯಾದರೆ, ಭಾರವಾದ ಮೇಜು ಸಾಕು. ನೆಲ ಬಗ್ಗುವುದಾದರೆ ಕೋಣೆಯ ನಡುವೆ ಇಡದೆ ಗೋಡೆಯ ಅಂಚಿಗೆ ಸರಿಸಿ. ಆಗಲೂ ಆಗದಿದ್ದರೆ ಗೋಡೆಗೇ ಏರಿಸಿ. ಇಂದಿನ ಫ್ಲಾಟುಗಳ ನಾಲ್ಕಿಂಚಿನ ಅಡ್ಡಗೋಡೆ ಈ ಕೆಲಸಕ್ಕೆ ಬಾರದು, ಕಂಬ ಅಥವಾ ಹೊರಗೋಡೆ ಹುಡುಕಿ. ಸ್ಪಾಂಜು, ಚೆಂಡು, ರಬ್ಬರು ಕೊಳ್ಳುವ ಮೊದಲು ಅದು ಎಷ್ಟು ಕುಸಿಯುತ್ತದೆ ಅಳೆಯಿರಿ. ಮತ್ತು ಎಲ್ಲ ಕಂಪನವೂ ಹೋಗಲಿ ಎಂದು ಹಟ ಹಿಡಿಯಬೇಡಿ. ನಮ್ಮಲ್ಲಿ ರೈಲು ಈಗಲೂ ಪೂರ್ತಿ ಹೋಗಿಲ್ಲ. ಹತ್ತಿರ ಕಿವಿಗೊಟ್ಟರೆ ತಂಬೂರಿಯ ಕೆಳಗೆ ದೂರದ ಗುಡುಗಿನಂತೆ ಕೇಳುತ್ತದೆ. ದುರ್ಗಾಪೂಜೆಯ ಐದು ದಿನ ಬೀದಿಯ ಢಾಕ್ ವಾದ್ಯದ ಮುಂದೆ ಯಾವ ಗೋಡೆಯೂ ಯಾವ ಕಲ್ಲೂ ನಿಲ್ಲದು. ಆ ಐದು ದಿನ ಪ್ಲೇಯರಿಗೆ ರಜೆ.

ನಾನು ಹೊರಟದ್ದು ಸದ್ದನ್ನು ಶುದ್ಧ ಮಾಡಲು ಅಲ್ಲ. ಐದು ತಿಂಗಳು ನಾವು ಒಂದು ತಟ್ಟೆಯನ್ನು ನೆಲದಿಂದ ಬೇರ್ಪಡಿಸುವ ಬದಲು ಮನೆಯವರನ್ನೇ ಕಟ್ಟಿ ಕೂರಿಸಿದ್ದೆವು. ಯಂತ್ರದ ಸ್ಕ್ರೂ ಬಿಗಿದಿಟ್ಟು, ಮಗನಿಗೆ ನಡೆಯಬೇಡ ಎಂದಿದ್ದೆವು. ಮಗುವಿಗೂ ಮುದುಕರಿಗೂ ಒಂದೇ ಮನೆಯಲ್ಲಿ ಜಾಗ ಮಾಡಿಕೊಡುವುದು ದೊಡ್ಡವರ ಕೆಲಸ. ನಮ್ಮಲ್ಲಿ ಅದು ಎರಡು ಬ್ರಾಕೆಟ್ಟಿನಲ್ಲಿ ಆಗುವಂಥದ್ದಾಗಿತ್ತು.

ಕಪಾಟು ಹಾಕಿದ ಸಂಜೆ ಮಾಲೀಕರು ಮೇಲೆ ಬಂದರು. ಕಂಕುಳಲ್ಲಿ ತಮ್ಮದೇ ಎರಡು ಹಳೆಯ ರವೀಂದ್ರ ಸಂಗೀತದ ರೆಕಾರ್ಡು. ಅಪ್ಪನಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಹರಕು ಹಿಂದಿಯಲ್ಲಿ ಮಾತಿಗಿಳಿದರು. ಗುರುವನ್ನು ಹುಡುಕಿ ಗದಗದಿಂದ ಓಡಿಹೋದ ಬಾಲಕ ಭೀಮಸೇನ ಇದೇ ಕಲ್ಕತ್ತೆಯಲ್ಲಿ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕಿದ್ದ ಕಥೆಯನ್ನು ಅಪ್ಪ ಹೇಳಿದರು. ಮಾಲೀಕರಿಗೆ ಅದು ಗೊತ್ತಿತ್ತು, ಆದರೂ ಹೊಸದಾಗಿ ಕೇಳಿದಂತೆ ಕೇಳಿದರು.

ಅಪ್ಪ ಸೂಜಿ ಇಳಿಸಿದರು. ತಂಬೂರಿ ಶುರುವಾಯಿತು. ಮಗ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ಓಡು ಎಂದು ಸನ್ನೆ ಮಾಡಿದೆ. ನಂಬಲಿಲ್ಲ. ಅಪ್ಪನೇ ಕುರ್ಚಿಯಿಂದ ಎದ್ದು, ಕೋಲು ಊರುತ್ತಾ ಕೋಣೆಯ ಈ ಕೊನೆಯಿಂದ ಆ ಕೊನೆಗೆ ನಡೆದು ತೋರಿಸಿದರು. ಸೂಜಿ ಜಾಡು ಬಿಡಲಿಲ್ಲ. ಹುಡುಗ ಒಮ್ಮೆ ಜಿಗಿದ. ಆಮೇಲೆ ಮನೆ ತುಂಬ ಓಡಿದ.

"ಇನ್ನ ಜೋರ್ ಓಡಲೇ" ಅಂದರು ಅಪ್ಪ.